ಡ್ರಮ್ ತೆಗೆಸಿದ ಚಾಲಕ

“ಬುದ್ಧಿ, ನನಗೆ ಇನ್ನೂ ಗಟ್ಟಿಯಾದ ಒಂದು ನೇಮ ಕೊಡಬೇಕು” ಎಂದು ಶಿಷ್ಯ ಕೇಳಿದ.

“ಈಗಿರುವ ನೇಮಗಳಿಗೆ ಏನಾಯಿತು?” ಎಂದರು ಗುರುಗಳು.

“ಕೋಪ ಬಂದರೆ ತಡೆಯಬಲ್ಲೆ. ಹಸಿವಾದರೆ ತಡೆಯಬಲ್ಲೆ. ಅಕ್ಕನ ನೆನಪು ಬಂದರೆ ಮಾತ್ರ ಆಗುವುದಿಲ್ಲ. ನನ್ನನ್ನು ಸಾಕಿ ಬೆಳೆಸಿದವಳು ಅವಳು. ಮಠಕ್ಕೆ ಸೇರುವ ದಿನ, ಇನ್ನು ನನಗೆ ಯಾರೂ ಬೇಡ ಎಂದು ಅವಳ ಮುಖಕ್ಕೇ ಹೇಳಿ ಬಂದೆ. ಈಗ ಭಿಕ್ಷೆಗೆ ಹೋದಾಗಲೆಲ್ಲ ಅವಳ ಬಾಗಿಲ ಮುಂದೆ ಕಾಲು ನಿಲ್ಲುತ್ತದೆ. ಕೂಗುವುದಿಲ್ಲ. ಸ್ವಲ್ಪ ಹೊತ್ತು ನಿಂತು ಹಿಂದಿರುಗುತ್ತೇನೆ. ಈ ಹಂಬಲವನ್ನು ತಡೆಯುವ ನೇಮ ಯಾವುದು?”

ಗುರುಗಳು ನಕ್ಕರು. “ನೇಮಕ್ಕೇನು ಮರಿ, ನಮ್ಮಲ್ಲಿ ಬರವಿಲ್ಲ. ಕೊಡೋಣ. ಮೊದಲು ಒಂದು ಕತೆ ಕೇಳು” ಎಂದು ಹೇಳತೊಡಗಿದರು.

ಒಬ್ಬ ಚಾಲಕನಿದ್ದ. ಹಳೆಯದೊಂದು ಕಾರು ಇಟ್ಟುಕೊಂಡು ಬಾಡಿಗೆಗೆ ಓಡಿಸುತ್ತಿದ್ದ. ಊರೂರು ತಿರುಗುವುದರಲ್ಲಿ ಅವನಂಥ ಗಟ್ಟಿಗ ಇನ್ನೊಬ್ಬನಿರಲಿಲ್ಲ. ಮನೆಯಲ್ಲಿ ಅರ್ಧ ಗಂಟೆ ಕೂರು ಎಂದರೆ ಮಾತ್ರ ಮುಳ್ಳಿನ ಮೇಲೆ ಕೂತವನ ಹಾಗೆ ಆಡುತ್ತಿದ್ದ. ಒಂದು ದಿನ ಹೆಂಡತಿಯನ್ನು ಕೂರಿಸಿಕೊಂಡು ಘಾಟಿ ಇಳಿಯುತ್ತಿದ್ದಾಗ ಬ್ರೇಕು ಕಾದು ಹಿಡಿತ ಬಿಟ್ಟಿತು. ಕಾರು ತಿರುವಿನ ತಡೆಗೋಡೆಗೆ ಮೂತಿ ತಾಗಿಸಿ ನಿಂತಿತು. ಯಾರಿಗೂ ಏಟಾಗಲಿಲ್ಲ. ಹೆಂಡತಿ ಕೆಳಗಿಳಿದಳು.

“ಈ ಕಾರಿಗೆ ಬ್ರೇಕಿಲ್ಲ. ನಿಮ್ಮ ಕಾಲು ಮನೇಲಿ ನಿಲ್ಲಲ್ಲ. ನನಗೆ ಸಾಕಾಗಿದೆ” ಎಂದಳು. ಎದುರಿಗೆ ಬಂದ ಬಸ್ಸನ್ನು ಕೈಯೆತ್ತಿ ನಿಲ್ಲಿಸಿ, ಬೆಟ್ಟದ ಮೇಲಿನ ತವರೂರಿಗೆ ಹೊರಟುಹೋದಳು.

ಅವಳು ಹೇಳಿದ್ದು ಎರಡು ದೂರು. ಅವನ ಕಿವಿಗೆ ಬಿದ್ದದ್ದು ಮೊದಲನೆಯದು ಮಾತ್ರ. ಗಂಡಸರ ಕಿವಿ ಹಾಗೆಯೇ, ಬೇಕಾದಷ್ಟೇ ತೆರೆಯುತ್ತದೆ.

ಅವಳಿಲ್ಲದ ಮನೆ ಬಿಕೋ ಎನ್ನುತ್ತಿತ್ತು. ತಿರುಗಾಟದ ರುಚಿಯೂ ಹೋಯಿತು. ಅವಳ ಕೊಡೆ ಕಾರಿನಲ್ಲೇ ಉಳಿದಿತ್ತು. ಬಾಡಿಗೆಯವರು ಯಾರೂ ಪಕ್ಕದಲ್ಲಿ ಕೂರದಂತೆ, ಆ ಕೊಡೆಯನ್ನು ಮುಂದಿನ ಸೀಟಿನ ಮೇಲೆ ಇಟ್ಟುಕೊಂಡೇ ಓಡಾಡಿದ. ಬ್ರೇಕು ಸರಿಯಾದರೆ ಅವಳು ಬರುತ್ತಾಳೆ ಎಂದು ನಂಬಿದ. ಒಬ್ಬ ಮೆಕ್ಯಾನಿಕ್ಕನ ಬಳಿ ಹೋಗಿ, ಹಿಂದಿನ ಚಕ್ರಗಳ ಡ್ರಮ್ ಬ್ರೇಕು ತೆಗೆದು, ಬೇಗ ಕಾಯದ ಡಿಸ್ಕ್ ಬ್ರೇಕು ಹಾಕು ಎಂದ.

ಮೆಕ್ಯಾನಿಕ್ ಬಗ್ಗಿ ನೋಡಿದ. “ಅಣ್ಣ, ನಿಲ್ಲಿಸಿದ ಗಾಡಿ ಜಾರದ ಹಾಗೆ ಹ್ಯಾಂಡ್ ಬ್ರೇಕ್ ಹಿಡಿಯೋದು ಈ ಡ್ರಮ್ಮಿನ ಒಳಗೆ. ಇದನ್ನ ತೆಗೆದ್ರೆ ಅದೂ ಹೋಗುತ್ತೆ. ಡಿಸ್ಕಿಗೆ ಬೇರೆ ಹ್ಯಾಂಡ್ ಬ್ರೇಕ್ ಕೂರಿಸ್ಬೇಕು. ಸಾಮಾನು ಬರೋಕೆ ಎಂಟು ದಿನ ಬೇಕು.”

“ಎಂಟು ದಿನ ಯಾರಪ್ಪ ಕಾಯ್ತಾರೆ? ಬ್ರೇಕ್ ಇರೋದು ಓಡೋ ಗಾಡಿ ನಿಲ್ಲಿಸೋಕೆ. ನಿಂತಿರೋ ಗಾಡಿಗೆ ಯಾಕೆ ಬ್ರೇಕು? ನೀನು ಡಿಸ್ಕ್ ಹಾಕು.”

ಅವಸರವೇ ಅಪಘಾತಕ್ಕೆ ಕಾರಣ ಎಂದು ಘಾಟಿಯುದ್ದಕ್ಕೂ ಬೋರ್ಡು ಬರೆದಿದ್ದಾರೆ. ಅದನ್ನು ಓದುವ ವ್ಯವಧಾನ ಯಾರಿಗಿದೆ? ಡಿಸ್ಕ್ ಹಾಕಿಸಿಕೊಂಡು ಅಂದೇ ಘಾಟಿ ಹತ್ತಿದ.

ಅವಳ ತವರುಮನೆ ಇದ್ದದ್ದು ಕಡಿದಾದ ಏರುಬೀದಿಯಲ್ಲಿ. ಹೊಸಿಲಿಗೆ ನೇರವಾಗಿ, ಗೆರೆ ಎಳೆದಂತೆ ಕಾರು ನಿಲ್ಲಿಸಿದ. ಸದ್ದು ಕೇಳಿ ಅವಳು ಬಾಗಿಲಿಗೆ ಬಂದಳು. ಬಂದವನನ್ನು ನೋಡಿದಳು, ಸೀಟಿನ ಮೇಲಿದ್ದ ಕೊಡೆಯನ್ನೂ ನೋಡಿದಳು.

“ಬ್ರೇಕ್ ನೋಡಿದ್ಯಾ? ಹಿಂದಕ್ಕೂ ಡಿಸ್ಕ್ ಹಾಕಿಸ್ದೆ. ಇನ್ನು ಈ ಕಾರಲ್ಲಿ ಒಂದು ಕೊರತೆನೂ ಇಲ್ಲ. ಬಾ, ಹತ್ತು” ಎಂದ.

“ಮೊದಲು ನೀವು ಇಳಿದು ಒಳಗೆ ಬನ್ನಿ. ಒಂದು ಗಳಿಗೆ ಕೂತ್ಕೊಳ್ಳಿ. ಆಮೇಲೆ ಒಟ್ಟಿಗೆ ಹೋಗೋಣ” ಎಂದಳು.

ಅವನು ಹಂಬಲಿಸಿ ಬಂದದ್ದು ಈ ಮಾತಿಗೇ. ಬಾಗಿಲು ತೆರೆಯಲು ಕೈ ಹಾಕಿ, ಬ್ರೇಕ್ ಪೆಡಲಿನಿಂದ ಕಾಲು ಎತ್ತಿದ. ಕಾರು ಹಿಂದಕ್ಕೆ ಜಾರಿತು. ಮತ್ತೆ ಒತ್ತಿದ, ನಿಂತಿತು. ಎಂಜಿನ್ ಆರಿಸಿ, ಗೇರಿನಲ್ಲಿಟ್ಟು ಕಾಲು ಎತ್ತಿದ. ಎಂಜಿನ್ ಹಳೆಯದು, ಏರು ಕಡಿದು. ತಡೆದು ತಡೆದು ಜಾರಿತು. ಹೀಗೆ ಮೂರು ಸಲ. ಅವಳಿಗೆ ಕಂಡದ್ದು, ಬಂದವನು ಇಳಿಯುತ್ತಿಲ್ಲ ಎಂಬುದಷ್ಟೇ.

“ಇವತ್ತೂ ಇಳಿಯೋದಿಲ್ವಾ?” ಎಂದು ಕೇಳಿದಳು.

ಮೆಟ್ಟಿಲ ಪಕ್ಕದಲ್ಲಿ ತೆಂಗಿನಕಾಯಿ ಗಾತ್ರದ ಒಂದು ಕಲ್ಲು ಬಿದ್ದಿತ್ತು. ಆ ಕಲ್ಲನ್ನು ಟೈರಿನ ಹಿಂದೆ ಅಡ್ಡ ಕೊಡು ಎಂದಿದ್ದರೆ ಸಾಕಿತ್ತು. ಅವಳು ಓಡಿ ಬಂದು ಕೊಡುತ್ತಿದ್ದಳು. ಆದರೆ ಒಂದು ಕೊರತೆಯೂ ಇಲ್ಲ ಎಂದು ಈಗಷ್ಟೇ ಹೇಳಿದ ಬಾಯಿ ಅದು, ಕಲ್ಲು ಕೇಳಲು ತೆರೆಯಲಿಲ್ಲ.

“ಬಾಡಿಗೆಯವರು ಕಾಯ್ತಿದ್ದಾರೆ. ಇನ್ನೊಂದು ಸಲ ಬರ್ತೀನಿ” ಎಂದ. ಯಾರೂ ಕಾಯುತ್ತಿರಲಿಲ್ಲ. ಕಾರನ್ನು ಹಾಗೆಯೇ ಹಿಂದಕ್ಕೆ ಬಿಟ್ಟುಕೊಂಡು ಬೀದಿ ಇಳಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕೊಡೆ ಕೊಡುವುದೂ ಮರೆತುಹೋಯಿತು. ಅವನು ಬೀದಿಯ ತಿರುವು ದಾಟುವವರೆಗೂ ಅವಳು ಬಾಗಿಲಲ್ಲೇ ನಿಂತಿದ್ದಳು.

ಎಂಟು ದಿನಕ್ಕೆ ಸಾಮಾನು ಬಂತು, ಹ್ಯಾಂಡ್ ಬ್ರೇಕೂ ಆಯಿತು. ಅಷ್ಟರಲ್ಲಿ ಅವಳಿಗೆ ಮುಖ ತೋರಿಸುವ ಧೈರ್ಯ ಹೋಗಿತ್ತು. ಈಗಲೂ ಆ ಏರಿನ ಬುಡದವರೆಗೆ ಹೋಗುತ್ತಾನಂತೆ. ಅಲ್ಲಿ ಕಾರು ನಿಲ್ಲಿಸಿ, ಸ್ವಲ್ಪ ಹೊತ್ತು ಕೂತು, ಹಿಂದಿರುಗುತ್ತಾನಂತೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. “ಎಂಥ ಪೆದ್ದ, ಬುದ್ಧಿ! ಅಷ್ಟು ದೂರ ಹೋದವನು, ಬಾಯಿಬಿಟ್ಟು ಒಂದು ಕಲ್ಲು ಕೇಳಿದ್ದರೆ ಆಗುತ್ತಿರಲಿಲ್ಲವೇ?”

“ಆಗುತ್ತಿತ್ತು ಮರಿ, ನಾಳೆ ಭಿಕ್ಷೆಗೆ ಹೋದಾಗ ಅಕ್ಕನ ಬಾಗಿಲಲ್ಲಿ ನೀನೂ ಬಾಯಿಬಿಟ್ಟು ಕೇಳು.”