ಮಿಂಕನ ಹಳೇ ಪೊರೆ

ನಕ್ಷತ್ರಗಳಾಚೆ ಒಂದು ಲೋಕವುಂಟು. ಅಲ್ಲಿನವರು ವರ್ಷಕ್ಕೊಮ್ಮೆ ಹಾವಿನಂತೆ ಪೊರೆ ಬಿಡುತ್ತಾರೆ. ಆ ವರ್ಷದ ಅಳು, ನಗು, ಸಿಟ್ಟು ಎಲ್ಲವೂ ಪೊರೆಯ ಜೊತೆಗೇ ಹೋಗುತ್ತದೆ. ಬಿಟ್ಟ ಪೊರೆಯನ್ನು ಅಂದೇ ಸುಟ್ಟುಬಿಡುವುದು ಅಲ್ಲಿನ ಪದ್ಧತಿ. ಆ ಲೋಕದ ಮುದುಕ ಮಿಂಕ ಭೂಮಿಗೆ ಇಳಿದಾಗ ಹುತ್ತದ ಬಳಿ ನಾಗರಹಾವೊಂದು ಪೊರೆ ಬಿಡುತ್ತಿತ್ತು. ಅವನಿಗೆ ತನ್ನೂರಿನವರೇ ಸಿಕ್ಕಂತಾಯಿತು.

"ನಾಗಕ್ಕ, ಈ ಪೊರೆಯಲ್ಲಿ ಏನೇನು ಬಿಟ್ಟೆ?"

"ಬರೀ ಚರ್ಮ. ಮತ್ತೇನು ಬಿಡಲಿ?"

"ಅಯ್ಯೋ ಪಾಪ! ನಾವು ದುಃಖವನ್ನೂ ಬಿಡುತ್ತೇವೆ. ಅವ್ವ ತೀರಿಕೊಂಡ ವರ್ಷ ನಾನಿನ್ನೂ ಚಿಕ್ಕವ. ಪೊರೆ ಬಿಟ್ಟೆ, ಹಗುರಾದೆ. ಈಗ ಅವಳನ್ನು ನೆನೆದರೂ ಏನೂ ಅನ್ನಿಸುವುದಿಲ್ಲ."

"ಹಾಗಾದರೆ ಕಂಕುಳಲ್ಲಿ ಅವುಚಿಕೊಂಡಿರುವುದೇನು?"

ಮಿಂಕ ತಲೆ ತಗ್ಗಿಸಿದ. "ಅದೇ ವರ್ಷದ ಪೊರೆ. ಸುಡಲು ಕೈಯೇ ಏಳಲಿಲ್ಲ. ಯಾಕೆಂದು ನನಗೂ ತಿಳಿಯದು."

"ಒಮ್ಮೆ ಹೊದ್ದು ನೋಡು" ಎಂದಿತು ಹಾವು.

ಮಿಂಕ ಹೊದ್ದ. ಎಳೆಯ ವಯಸ್ಸಿನ ಪೊರೆ, ಹೆಗಲಿಗೂ ಸಾಲಲಿಲ್ಲ. ಆದರೂ ಮುದುಕನ ಬಾಯಿಂದ "ಅವ್ವಾ" ಎಂಬ ಮಗುವಿನ ಕೂಗು ಹೊರಟಿತು. ಅವನು ಅಳತೊಡಗಿದ.

ಹಾವಿಗೆ ಕನಿಕರವಾಯಿತು. "ಭಾರವಾಯಿತೇ ತಮ್ಮಾ? ತೆಗೆದುಬಿಡು."

ಮಿಂಕ ಪೊರೆಯ ಅಂಚನ್ನು ಎರಡೂ ಕೈಯಿಂದ ಬಿಗಿಯಾಗಿ ಎಳೆದುಕೊಂಡ. "ಇನ್ನೊಂದು ಚೂರು ಹೊತ್ತು ಇರಲಿ, ಅಕ್ಕ."