ಮೊಂಡು ಕತ್ತರಿಯ ದೀಪ

ಅಣುವಿನಲ್ಲೂ ನೆಲೆಸಿರುವ ಸ್ವಾಮಿಗೆ ಕೈಮುಗಿದು ಹೇಳುತ್ತೇನೆ, ಕೇಳಿ.

ಒಂದು ಜೀವಕೋಶದೊಳಗೆ ಡಿಎನ್‌ಎ ಎಂಬ ಉದ್ದನೆಯ ಎಳೆ ವಾಸವಾಗಿತ್ತು. ಒಂದು ದಿನ ಪ್ರಯೋಗಾಲಯದಿಂದ ಪುಟ್ಟ ಕತ್ತರಿಯೊಂದು ವಿಳಾಸದ ಚೀಟಿ ಹಿಡಿದು ಅಲ್ಲಿಗೆ ಬಂತು. ಎಳೆ ಹೆದರಿ ಸುರುಳಿಯನ್ನು ಬಿಗಿದುಕೊಂಡಿತು.

"ಕತ್ತರಿಯಣ್ಣ, ನಿನ್ನ ಕುಲದವರ ಕೆಲಸ ನನಗೆ ಗೊತ್ತು. ನಾನು ತುಂಡಾದರೆ ಈ ಮನೆಯೇ ಉಳಿಯುವುದಿಲ್ಲ."

"ಹೆದರಬೇಡ ತಾಯಿ," ಎಂದಿತು ಕತ್ತರಿ. "ನನ್ನ ಅಲಗನ್ನು ಮೊಂಡು ಮಾಡಿ, ಬೆನ್ನಿಗೆ ದೀಪ ಕಟ್ಟಿ ಕಳಿಸಿದ್ದಾರೆ. ಚೀಟಿಯಲ್ಲಿರುವ ಜಾಗ ಹುಡುಕಿ ಸುಮ್ಮನೆ ಕೂರುವುದಷ್ಟೇ ನನ್ನ ಕೆಲಸ. ಹರಿತವಾದ ಅಣ್ಣಂದಿರು ನನ್ನನ್ನು ಬೊಚ್ಚುಬಾಯಿ ಎಂದು ನಗುತ್ತಾರೆ."

"ದೀಪ ಯಾರಿಗೆ?"

"ವಿಜ್ಞಾನಿ ಭಾರ್ಗವಿಯಮ್ಮನಿಗೆ. ನಿನ್ನಂಥವರನ್ನು ನೋಡಲು ಆಕೆ ಮೊದಲೆಲ್ಲ ಜೀವಕೋಶವನ್ನು ಕೊಲ್ಲಬೇಕಾಗುತ್ತಿತ್ತು. ಈಗ ಜೀವವಿರುವಾಗಲೇ ನೋಡುವ ಆಸೆ."

ಎಳೆ ಸುರುಳಿ ಸಡಿಲಿಸಿತು. ಕತ್ತರಿ ಕುಳಿತು ನೋಡಿ, "ಆಕೆಗೆ ಕಾಣಲು ಒಂದು ದೀಪ ಸಾಲದು. ತಮ್ಮಂದಿರನ್ನೂ ಕರೆಯಲೇ?" ಎಂದಿತು.

"ಅವರಿಗೂ ಹಲ್ಲಿಲ್ಲ ತಾನೇ?"

"ಒಬ್ಬರಿಗೂ ಇಲ್ಲ, ತಾಯಿ."

"ಹಾಗಾದರೆ ಎಲ್ಲರೂ ಬರಲಿ."

ಅತ್ತ ಭಾರ್ಗವಿಯಮ್ಮ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕುಳಿತಿದ್ದರು. ಆ ದೀಪಗಳೆಲ್ಲ ಸೇರಿ ಕತ್ತಲಲ್ಲಿ ಒಂದು ಚುಕ್ಕೆ ಬೆಳಗಿತು, ಮೆಲ್ಲಗೆ ಓಡಾಡಿತು. "ಜೀವಂತವಾಗಿದ್ದೀಯಲ್ಲೇ, ತಾಯಿ!" ಎಂದು ಅವರು ಕೈಮುಗಿದರು.

ನೋಯಿಸದೆ ನೋಡುವ ಕಣ್ಣನ್ನು ಆ ಸ್ವಾಮಿ ಈ ಕಥೆ ಕೇಳಿದ ನಿಮಗೆಲ್ಲ ಕರುಣಿಸಲಿ.