ಜೋಳಿಗೆಯ ಮಡಿಲಕ್ಕಿ

ಪೂಜ್ಯ ಋತಾನಂದ ಯೋಗಿಗಳು ಆ ವರ್ಷ ಚಾತುರ್ಮಾಸ್ಯಕ್ಕೆ ನೆಲೆನಿಂತದ್ದು ಯಾವ ಮಠದಲ್ಲೂ ಅಲ್ಲ. ಹೊನ್ನೇಕಟ್ಟೆಯ ಕುಂಬಾರಗೇರಿಯಲ್ಲಿ, ಮಡಕೆ ಸುಡುವ ಆವಿಗೆಯ ಮಗ್ಗುಲಿನ ಸೋಗೆ ಚಪ್ಪರದಲ್ಲಿ. ಬೆಳಗ್ಗೆ ಕೇರಿಯವರಿಗೆ ಉಸಿರನ್ನು ಗಮನಿಸುವ ಅಭ್ಯಾಸ ಹೇಳಿಕೊಡುವರು, ಆಮೇಲೆ ಜೋಳಿಗೆ ಹಿಡಿದು ಭಿಕ್ಷೆಗೆ ಹೊರಡುವರು. ಹೊಗೆಗೆ ಅವರ ಕಣ್ಣು ಕೆಂಪಾದದ್ದುಂಟು, ಮುಖದ ನಗೆ ಕಂದಿದ್ದಿಲ್ಲ.

ಅದೇ ಕೇರಿಯ ದ್ಯಾವಮ್ಮ ಮಣ್ಣಿನ ಗೌರಿ ಮಾಡುವುದರಲ್ಲಿ ಎತ್ತಿದ ಕೈ. ಆದರೆ ಮಗಳು ಚಿಕ್ಕತಾಯಿ ಗಂಡನ ಮನೆಯಲ್ಲಿ ಹೆರಿಗೆಯಾಗುವಾಗ ತೀರಿಕೊಂಡಾಗಿನಿಂದ, ಗೌರಿಗೆ ಕಣ್ಣು ಬರೆಯಲು ಕುಂಚ ಹಿಡಿದರೆ ಸಾಕು, ಕೈ ಗಡಗಡ ನಡುಗುತ್ತಿತ್ತು. ಅದೊಂದು ಕೆಲಸವನ್ನು ಮೈದುನ ಮಾಡಿಕೊಡುತ್ತಿದ್ದ. ಈ ಸಲ ಅವನೂ ಜ್ವರ ಹಿಡಿದು ಮಲಗಿಬಿಟ್ಟ. ಬೆಳಗಾದರೆ ಹಬ್ಬ, ಗೌರಿಯರೆಲ್ಲ ಕಣ್ಣಿಲ್ಲದೆ ಜಗಲಿಯ ಮೇಲೆ ಸಾಲಾಗಿ ಕುಳಿತಿದ್ದಾರೆ. ಕಣ್ಣಿಲ್ಲದ ಗೌರಿಯನ್ನು ಯಾವ ಮುತ್ತೈದೆ ತಾನೆ ಮನೆಗೆ ಕರೆದುಕೊಂಡಾಳು?

ನೆರೆಮನೆಯ ಈರಮ್ಮ ದ್ಯಾವಮ್ಮನನ್ನೂ ಒಂದು ಗೌರಿಯನ್ನೂ ಬಣ್ಣದ ಚಿಪ್ಪನ್ನೂ ಯೋಗಿಗಳ ಚಪ್ಪರಕ್ಕೆ ಸಾಗಿಸಿಕೊಂಡು ಬಂದಳು.

"ಬುಡಕ್ಕ, ಕಣ್ ಮುಚ್ಕೊಂಡ್ ಕೂರೋರ್ಗೆ ಕಣ್ ಬರಿಯೋ ಕಷ್ಟ ಏನ್ ಗೊತ್ತಾದದು?" ಎಂದು ದ್ಯಾವಮ್ಮ ಅವರ ಎದುರಿಗೇ ಅಂದುಬಿಟ್ಟಳು. ಈರಮ್ಮ ಹೌಹಾರಿ ನಾಲಿಗೆ ಕಚ್ಚಿಕೊಂಡಳು.

ಯೋಗಿಗಳು ನಕ್ಕರು. "ನಿಜ ತಾಯಿ, ನಮಗೆ ಗೊತ್ತಿಲ್ಲ. ಬರೆದು ತೋರಿಸು."

"ಕೈ ನಡುಗ್ತದೆ ಬುದ್ಧಿ."

"ನಡುಗಲಿ, ತಡೆಯಬೇಡ. ನಡುಗುವುದು ಕೈ, ನೋಡುವವಳು ನೀನು. ಸುಮ್ಮನೆ ನೋಡುತ್ತಿರು."

ಯೋಗಶಾಸ್ತ್ರದ ಸಾರವೇ ಆ ಮಾತಿನಲ್ಲಿತ್ತು. ದ್ಯಾವಮ್ಮನಿಗೆ ಅದೆಲ್ಲ ಎಲ್ಲಿಂದ ತಿಳಿಯಬೇಕು! ಕೆಟ್ಟರೆ ಇವರ ಮುಂದೆಯೇ ಕೆಡಲಿ ಎಂಬ ಹಟಕ್ಕೆ ಕುಂಚ ಅದ್ದಿದಳು. ಕೈ ನಡುಗಿತು, ನೋಡಿದಳು. ಎದೆ ಡವಗುಟ್ಟಿತು, ಅದನ್ನೂ ನೋಡಿದಳು. ನಡುಕ ಯಾವಾಗ ನಿಂತಿತೋ, ಹುಬ್ಬು ರೆಪ್ಪೆಗಳು ಯಾವಾಗ ಮೂಡಿದವೋ ಅವಳಿಗೇ ತಿಳಿಯಲಿಲ್ಲ. ಕೊನೆಯ ಬೊಟ್ಟಿಟ್ಟು ಹಿಂದೆ ಸರಿದವಳು ಕಿಟಾರನೆ ಕಿರುಚಿಕೊಂಡಳು.

ಪೀಠದ ಮೇಲೆ ಕುಳಿತಿದ್ದವಳು ಚಿಕ್ಕತಾಯಿ! ಅದೇ ಕಣ್ಣು, ಅದೇ ನೋಟ.

"ಬೈಯಾಕ್ ಬಂದವ್ಳೆ ಬುದ್ಧಿ! ಗಂಡನ್ ಮನೆಗ್ ಹೋಗಲ್ಲ ಅಂತ ಹಟ ಮಾಡುದ್ಲು ಅಂತ ಸಿಟ್ನಲ್ಲಿ ಮಡಿಲಕ್ಕಿನೂ ಕಟ್ದೆ ಆಚೆ ಕಳಿಸ್ಬುಟ್ಟೆ. ಬಸುರಿ ಹೆಣ್ಮಗ, ಬರಿಮಡಿಲಲ್ಲಿ ಹೋದೋಳು ತಿರುಗಿ ಬರ್ಲೇ ಇಲ್ಲ!"

ತವರಿನಿಂದ ಹೊರಟ ಮಗಳ ಮಡಿಲಿಗೆ ಅಕ್ಕಿ, ಅರಿಸಿನ ತುಂಬದೆ ಕಳಿಸುವ ತಾಯಿ ನಮ್ಮ ಸೀಮೆಯಲ್ಲಿ ಉಂಟೆ? ಅಷ್ಟರಲ್ಲಿ ದ್ಯಾವಮ್ಮ ಗೌರಿಯನ್ನು ತಲೆಯ ಮೇಲೆತ್ತಿ ನೆಲಕ್ಕೆ ಅಪ್ಪಳಿಸಲು ಹೊರಟಿದ್ದಳು. ಯೋಗಿಗಳು ತಡೆಯಲಿಲ್ಲ.

"ಒಡೆಯುವುದಾದರೆ ಒಡೆ ತಾಯಿ. ಮೊದಲು ಸರಿಯಾಗಿ ನೋಡು. ಅವಳು ಬೈಯುತ್ತಿದ್ದಾಳೆಯೆ?"

ದ್ಯಾವಮ್ಮ ಗೌರಿಯನ್ನು ಇಳಿಸಿ ನೋಡಿದಳು. ಆ ಕಣ್ಣುಗಳಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ. ತವರಿಗೆ ಬಂದ ಮಗಳು ಹೊಸಿಲಲ್ಲಿ ನಿಂತು ಅವ್ವನನ್ನು ಹುಡುಕುವ ನೋಟ ಅದು. ಇಷ್ಟು ವರ್ಷ ಬೈಯುತ್ತಿದ್ದವಳು ಮಗಳಲ್ಲ, ತಾನೇ ಎಂದು ಹೊಳೆದದ್ದೇ ತಡ, ಗೌರಿಯನ್ನು ಎದೆಗೊತ್ತಿಕೊಂಡಳು.

ಆಗ ಯೋಗಿಗಳು ಮಾಡಿದ್ದನ್ನು ನೆನೆದರೆ ಇಂದಿಗೂ ಮೈ ಝುಮ್ಮೆನ್ನುತ್ತದೆ. ಅಂದಿನ ಭಿಕ್ಷೆಯ ಅಕ್ಕಿಯಿದ್ದ ಜೋಳಿಗೆಯನ್ನು ತಂದು ಅವಳ ಮುಂದೆ ಬಿಚ್ಚಿಟ್ಟರು.

"ಮಡಿಲು ತುಂಬಿ ಕಳಿಸಿಕೊಡು."

"ಅಯ್ಯಯ್ಯೋ, ಸನ್ಯಾಸಿಗಳ ಬಿಕ್ಸ ಬುದ್ಧಿ! ನಿಮ್ಗೆ ಊಟ?" ಈರಮ್ಮ ಕಂಗಾಲಾದಳು.

"ನಮ್ಮ ಊಟ ನಾಳೆಯೂ ಆದೀತು. ಇವಳಿಗೆ ಹೊತ್ತಾಯಿತು."

ಈರಮ್ಮ ಓಡಿಹೋಗಿ ಅರಿಸಿನದ ಕೊಂಬು ತಂದಳು. ದ್ಯಾವಮ್ಮ ಸೆರಗಿನ ಚೂರು ಹರಿದು, ಅಕ್ಕಿ ಕಟ್ಟಿ, ಗೌರಿಯ ಮಡಿಲಿಗಿಟ್ಟು ಕೆರೆಯತ್ತ ನಡೆದಳು. ಹಬ್ಬಕ್ಕೆ ಮೊದಲೇ ಗೌರಿ ಬಿಡುವುದೆಂದರೇನು! ಕೇರಿಗೆ ಕೇರಿಯೇ ಬಾಯಿ ಬಿಟ್ಟುಕೊಂಡು ನಿಂತಿತು. ಅವಳು ಯಾರನ್ನೂ ನೋಡಲಿಲ್ಲ. ಸೊಂಟಮಟ್ಟದ ನೀರಿನಲ್ಲಿ ನಿಂತು, ಗೌರಿಯ ಕೆನ್ನೆ ನೇವರಿಸಿ, ನೆಟಿಗೆ ಮುರಿದಳು.

"ಹೋಗ್ಬಾ ನನ್ನವ್ವ, ಚಿಕ್ಕತಾಯಿ. ಸುಖವಾಗಿ ಹೋಗ್ಬಾ."

ಅಂದು ದೀಪ ಹಚ್ಚುವ ಹೊತ್ತಿಗೆ ಜಗಲಿಯ ಮೇಲಿನ ಗೌರಿಯರೆಲ್ಲ ಕಣ್ಣು ತೆರೆದಿದ್ದರು.